ಮೇಷ್ಟ್ರ ನೇರಳೆಯ ನೆರಳು

ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಸಸಿ ನೆಡುವ ಕಾಲ ಕೂಡಿಬರುವುದೇ ಇಲ್ಲ. ಬೇಸಿಗೆಯಲ್ಲಿ "ಬೇರು ಬೆಂದುಹೋಗುತ್ತೆ" ಎನ್ನುತ್ತಾರೆ, ಮಳೆಗಾಲದಲ್ಲಿ "ಕೊಳೆತುಹೋಗುತ್ತೆ" ಎನ್ನುತ್ತಾರೆ, ಚಳಿಗಾಲದಲ್ಲಂತೂ ದನಿ ತಗ್ಗಿಸಿ, "ಪಾಪ, ಮಲಗಿದೆ, ಎಬ್ಬಿಸಬಾರದು" ಎಂದು ಬಕೆಟ್ಟಿನಲ್ಲಿರುವ ನೇರಳೆ ಸಸಿಯ ಪಕ್ಕ ತುದಿಗಾಲಲ್ಲಿ ನಡೆದುಹೋಗುತ್ತಾರೆ. ಮರವೋ, ಅವರ ಕಣ್ಣಲ್ಲಿ ಆಗಲೇ ಬೆಳೆದು ನಿಂತಿದೆ. ಬಾಡಿಗೆ ಮನೆಯ ಅಂಗಳದ ಕಲ್ಲುಹಾಸಿನ ಮೇಲೆ ಅದರ ನೆರಳು ಎಲ್ಲಿಯವರೆಗೆ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗೀಟೆಳೆದು, ಅದರೊಳಗೆ ಕುರ್ಚಿ ಹಾಕಿಕೊಂಡು, ಸುಡುಬಿಸಿಲಲ್ಲಿ ಕಣ್ಣು ಮುಚ್ಚಿ ತಂಪಾಗಿ ಕೂರುತ್ತಾರೆ. ಬಂದವರಿಗೆ, "ಕೊಂಬೆ ಇದೆ, ಸ್ವಲ್ಪ ಬಗ್ಗಿ ಬನ್ನಿ" ಎನ್ನುತ್ತಾರೆ. ಬಂದವರೂ ನಗುತ್ತಲೇ ಬಗ್ಗುತ್ತಾರೆ. ಹೆಂಡತಿ ಮಾತ್ರ ನಗುವುದಿಲ್ಲ. ಹಿಂದಿನ ಬಾಡಿಗೆ ಮನೆಗಳಲ್ಲೆಲ್ಲ ಮೇಷ್ಟ್ರು ಒಂದೊಂದು ಮರ ನೆಟ್ಟಿದ್ದರು, ಎಲ್ಲ ಕಡೆಯೂ ಅದು ಹಣ್ಣು ಬಿಡುವ ಮುಂಚೆಯೇ ಮನೆ ಖಾಲಿ ಮಾಡಬೇಕಾಗಿ ಬಂದಿತ್ತು ಎಂಬುದು ಹೆಂಡತಿಯೊಬ್ಬರಿಗೇ ಗೊತ್ತು. ಮೊನ್ನೆ ಅವರು ಅದನ್ನು ಮನೆಯ ಒಡತಿಯ ಕಿವಿಗೆ ಹಾಕಿದರು. ಒಡತಿ ನೆತ್ತಿ ಸುಡುವ ಮಧ್ಯಾಹ್ನದಲ್ಲೇ ಅಂಗಳಕ್ಕೆ ಬಂದು, "ಅಲ್ಲ ಮೇಷ್ಟ್ರೇ, ನಿಮ್ಮನ್ನ ಯಾರು ಕಳಿಸ್ತಾರೆ? ಹಣ್ಣು ತಿಂದ್ಕೊಂಡು ಇಲ್ಲೇ ಇರಿ" ಎಂದರು. ಮೇಷ್ಟ್ರು ಎದ್ದು, ಹಾರೆ ತಂದು, ಗೋಡೆ ಬದಿಯ ಮಣ್ಣಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟರು. ಹೊತ್ತು ಮುಳುಗುವವರೆಗೂ ಅದರ ಮೇಲೆ ಕೊಡೆ ಹಿಡಿದು ನಿಂತೇ ಇದ್ದರು.