ಗಟ್ಟಿಮೇಳ ಕಲಿತ ಸ್ಯಾಕ್ಸೋಫೋನು

ಜಾಝ್‌ಗೆ ಹಿಪ್ ಹಾಪ್ ಬೆರೆಸಿ, ಮೇಲೆ ಒಂದಿಷ್ಟು ಸೋಲ್ ಸಂಗೀತದ ಬಿಸಿ ಸುರಿದು ಸ್ಯಾಕ್ಸೋಫೋನ್ ಊದುವುದು ನನ್ನ ಕಸುಬು. ನಾನು ಊದಿದರೆ ಜನ ಕುರ್ಚಿ ಬಿಟ್ಟು ಏಳುತ್ತಾರೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾವ ಕಾಲೇಜಿನಲ್ಲಿ ಕಲಿತಿರಿ ಎಂದು ಬೆಂಗಳೂರಿನಲ್ಲಿ ಕೇಳುತ್ತಾರೆ. ನಮ್ಮೂರ ಸುತ್ತಿನ ಗುಮ್ಮಘಟ್ಟದಿಂದ ಬೊಮ್ಮನಹಾಳ್‌ವರೆಗಿನ ಮದುವೆ ಚಪ್ಪರಗಳಲ್ಲಿ ಎಂದರೆ ತಮಾಷೆ ಎಂದುಕೊಳ್ಳುತ್ತಾರೆ.

ನಮ್ಮಪ್ಪ ಆಂಧ್ರ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಟೈಲರ್; ಮುಹೂರ್ತದ ದಿನಗಳಲ್ಲಿ ಬ್ಯಾಂಡ್‌ಸೆಟ್ಟಿನ ಯಜಮಾನ. ಕ್ಲಾರಿನೆಟ್ ಅವನದು, ಸ್ಯಾಕ್ಸೋಫೋನ್ ನನ್ನದು. ತಾಳಿ ಕಟ್ಟುವ ಹೊತ್ತಿಗೆ ಯಾರಾದರೂ ಸೀನಿದರೆ, ಅತ್ತರೆ, ಆ ಅಪಶಕುನದ ಸದ್ದು ಯಾರಿಗೂ ಕೇಳಿಸದಂತೆ ಗಟ್ಟಿಮೇಳ ಊದಬೇಕು. "ಸೀನಿಗಿಂತ ನಿನ್ನ ಊದು ಮ್ಯಾಲಿರಬೇಕಲೇ," ಎನ್ನುತ್ತಿದ್ದ. ಮೂಗು ಕೆರೆದುಕೊಳ್ಳುವವನನ್ನು ನಾನು ಚಪ್ಪರದ ಆ ತುದಿಯಿಂದಲೇ ಗುರುತಿಸುತ್ತಿದ್ದೆ. ಪುರೋಹಿತರು ತಡಮಾಡಿದರೆ ಒಂದೇ ರಾಗವನ್ನು ಅರ್ಧ ಗಂಟೆ ಹೊಸ ಹೊಸದಾಗಿ ಎಳೆಯುತ್ತಿದ್ದೆ. ಮುಂದೆ ಜಾಝ್ ಕೇಳಿದಾಗ ಗಾಬರಿಯೇನೂ ಆಗಲಿಲ್ಲ. ಅಲ್ಲಿಯೂ ಇದೇ ಕೆಲಸ, ಊಟ ಮಾತ್ರ ಅಷ್ಟು ಚೆನ್ನಾಗಿರುವುದಿಲ್ಲ.

ನಾಲ್ವರ ತಂಡ ಕಟ್ಟಿದಾಗ ರ್‍ಯಾಪ್ ಮಾಡಲು ಮಡಕಶಿರಾದ ಹುಡುಗಿಯೊಬ್ಬಳು ಬಂದಳು. ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವಳು. ನಡುವೆ ಉಸಿರಾಡುತ್ತಿದ್ದಳೋ ಇಲ್ಲವೋ, ದೇವರೇ ಬಲ್ಲ. ತೀರಿಹೋದ ತಾಯಿಯ ಮೇಲೆ ಅವಳೊಂದು ಪದ ಕಟ್ಟಿದ್ದಳು. ಅದರ ಮಧ್ಯೆ 'ಅಮ್ಮಾ' ಎಂದು ಕರೆದು ನಿಲ್ಲಿಸುವಳು. ಹದಿನಾರು ಎಣಿಕೆ ಯಾರೂ ಏನೂ ನುಡಿಸಬಾರದು. ಉತ್ತರಕ್ಕೆ ಕಾಯುವ ಜಾಗ ಅದು.

ಬೆಂಗಳೂರಿನ ನಮ್ಮ ಮೊದಲ ದೊಡ್ಡ ಕಾರ್ಯಕ್ರಮದಲ್ಲಿ ಅವಳು ಹಾಗೆ ಕರೆದು ನಿಂತಳು. ನಾಲ್ಕು ಎಣಿಸಿರಲಿಲ್ಲ, ಮುಂದಿನ ಸಾಲಿನ ಒಬ್ಬ ಮಹಾಶಯ ಸೀನಿದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತದ್ದೂ ಅಷ್ಟೇ. ಎದೆಯ ಗಾಳಿಯನ್ನೆಲ್ಲ ಸುರಿದು ಗಟ್ಟಿಮೇಳ ಊದಿಬಿಟ್ಟೆ. ಸಭೆ ಗೊಳ್ಳೆಂದು ನಕ್ಕಿತು.

"ನಮ್ಮಮ್ಮನ್ ಪದ ಕಣಣ್ಣ ಅದು! ನಾಳೆಯಿಂದ ನೀನ್ ಬರ್ಬ್ಯಾಡ," ಎಂದಳು, ವೇದಿಕೆ ಇಳಿದ ಕೂಡಲೇ. ಮದುವೆಮನೆಯ ಕಾರಣ ಹೇಳಿದೆ; ನಂಬಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಿಜವಾಗಿ ಹೆದರಿದೆ. ಆ ತಂಡ ಬಿಟ್ಟರೆ ನನ್ನ ಸಂಗೀತಕ್ಕೆ ಬೇರೆ ಮನೆಯೇ ಇರಲಿಲ್ಲ. "ಬೇಕಾದ್ರ ನಮ್ಮಪ್ಪನ್ನ ಕೇಳು ಬಾ," ಎಂದು ಸವಾಲು ಹಾಕಿದೆ. ಮುಂದಿನ ಭಾನುವಾರ ಬಸ್ಸು ಹತ್ತಿ ರಾಯದುರ್ಗಕ್ಕೆ ಬಂದೇಬಿಟ್ಟಳು.

ಅಪ್ಪ ಹೊಲಿಗೆ ಮಷೀನು ನಿಲ್ಲಿಸಿ ಅವಳ ದೂರನ್ನೆಲ್ಲ ಕೇಳಿದ. "ತಪ್ಪು ಇವಂದಲ್ಲವ್ವಾ, ನಂದು. ನಾನ ಕಲಿಸಿದ್ದು. ಆ ಪದ ನಂಗೊಂದ್ಸಲ ಹೇಳು," ಎಂದ.

ಅವಳು ನಿಂತಲ್ಲೇ ಶುರುಮಾಡಿದಳು. 'ಅಮ್ಮಾ' ಎಂದು ಕರೆದು ನಿಲ್ಲಿಸಿದಳು. ಹದಿನಾರು ಎಣಿಕೆ ಆಯಿತು, ಇಪ್ಪತ್ತೂ ಆಯಿತು, ಅವಳು ಮುಂದುವರಿಸಲಿಲ್ಲ. ಅಪ್ಪ ಅಳುತ್ತಿದ್ದ. ನಮ್ಮವ್ವ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವನು ಅತ್ತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

"ಇವರವ್ವ ಜೀವ ಬಿಡೋ ಹೊತ್ನ್ಯಾಗ ನಾನು ಮದುವಿ ಮನ್ಯಾಗ ಊದಾಕತ್ತಿದ್ದೆ," ಎಂದ. "ಓಣಿ ಮಂದಿ ಬಂದು ನನ್ನ ಕೂಗಿದ್ರಂತ. ನಂಗ ಕೇಳಿಸಲಿಲ್ಲ."

ಅವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಕೊನೆಗೆ ನನ್ನತ್ತ ತಿರುಗಿ, "ಶುಕ್ರವಾರ ಪ್ರಾಕ್ಟೀಸ್ ಐತೆ, ಬಾರಣ್ಣ," ಎಂದಳು. "ನಿಮ್ಮಪ್ಪನ್ನೂ ಕರ್ಕಂಡ್ ಬಾ."