ನಾನು ಮಾಡದ ಕೆಲಸಗಳ ದಿನಚರಿ

ಗೊಬ್ಬರದ ಅಂಗಡಿಯವನಿಗೆ ದಿನಚರಿ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಚಿಕ್ಕೋಡಿಯಲ್ಲಿ ಬೀಜ, ಗೊಬ್ಬರ ಮಾರುವ ಅಂಗಡಿ ನನ್ನದು. ಬಿತ್ತನೆಯ ಹೊತ್ತಿನಲ್ಲಿ ಉಸಿರಾಡಲಿಕ್ಕೂ ಪುರುಸೊತ್ತಿರುವುದಿಲ್ಲ. ಉಳಿದ ದಿನಗಳಲ್ಲಿ ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನೊಣ ಹೊಡೆಯುವುದೇ ಕೆಲಸ. ಹಾಗೆ ಕೂತಿದ್ದಾಗ ಅಥಣಿ ಕಡೆಯ ಗಿರಾಕಿಯೊಬ್ಬರು ತಮ್ಮೂರಿನ ನಿವೃತ್ತ ಶಿಕ್ಷಕಿ ಫೋನಿನಲ್ಲಿ ನಡೆಸುತ್ತಿದ್ದ ಒಂದು ಸಣ್ಣ ಗುಂಪಿಗೆ ನನ್ನನ್ನು ಸೇರಿಸಿಬಿಟ್ಟರು. "ಮಾತು ಚಲೋ ಆಡ್ತೀರಿ, ಬರವಣಿಗೀನೂ ಚಲೋ ಇರತೈತಿ" ಅಂದರು. ಹೊಗಳಿದರೆ ನಾನು ಬಾವಿಗೆ ಬೇಕಾದರೂ ಬೀಳುವ ಪೈಕಿ.

ಗುಂಪಿನ ನೇಮ ಸರಳವಾಗಿತ್ತು. ದಿನಕ್ಕೊಂದು ಪುಟ ಕೈಯಲ್ಲಿ ಬರೆಯಬೇಕು, ಅದರ ಫೋಟೋ ತೆಗೆದು ಗುಂಪಿಗೆ ಹಾಕಬೇಕು. ಆ ಶಿಕ್ಷಕಿಯನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಿದ್ದರು. ನಾನು ಸೇರಿದ ದಿನವೇ ಅವರ ಧ್ವನಿ ಸಂದೇಶ ಬಂತು. "ಮಾಡಿದ್ದನ್ನ ಬರೀರಿ ತಮ್ಮಾ. ಅಂದ್ಕೊಂಡಿದ್ದು ಬ್ಯಾಡ, ಸುವಿಚಾರ ಬ್ಯಾಡ, ಮುಂಜಾನೆ ಹೂವಿನ ಚಿತ್ರ ಅಂತೂ ಬ್ಯಾಡೇ ಬ್ಯಾಡ." ನಿಪ್ಪಾಣಿ, ರಾಯಬಾಗ, ಕಾಗವಾಡ, ಕುಡಚಿ, ಎಲ್ಲ ಸುತ್ತಮುತ್ತಲಿನ ಊರುಗಳ ಜನ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೂ ಯಾರ ಮನೆಯ ಎಮ್ಮೆ ಈದಿದೆ, ಯಾರ ಮಗಳ ಪರೀಕ್ಷೆ ಯಾವಾಗ ಎಂಬುದೆಲ್ಲ ಎಲ್ಲರಿಗೂ ಗೊತ್ತಿರುತ್ತಿತ್ತು.

ನಾನೂ ಬರೆದೆ. ಯೂರಿಯಾ ಲಾರಿ ಬಂತು, ಹಮಾಲ ಬರಲಿಲ್ಲ. ಕರೆಂಟು ಹೋಯಿತು, ಬಂತು. ಯಾರು ಓದುತ್ತಾರೆ ಇದನ್ನು? ಕುಡಚಿಯ ಹಣ್ಣಿನ ವ್ಯಾಪಾರಿಯೊಬ್ಬ ಮಾತ್ರ ತಪ್ಪದೆ ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಿದ್ದ. ಅವನು ಸಾವಿನ ಸುದ್ದಿಗೂ ಅದನ್ನೇ ಕಳಿಸುವವ. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ರಾಯಬಾಗದ ಒಬ್ಬಾಕೆ ಮೆಣಸಿನಕಾಯಿ ಒಣಹಾಕಿದ್ದನ್ನು ಬರೆದರೆ ಎಲ್ಲರೂ ವಾಹ್ ವಾಹ್ ಅನ್ನುತ್ತಾರೆ, ನನ್ನ ಯೂರಿಯಾ ಏನು ಪಾಪ ಮಾಡಿತ್ತು?

ಆ ಹೊತ್ತಿಗೆ ನನ್ನ ಅವ್ವ ಲಕ್ವಾ ಹೊಡೆದು ಮಲಗಿ ಎರಡು ವರ್ಷ ಆಗುತ್ತ ಬಂದಿತ್ತು. ಬಲಗಡೆ ಪೂರ್ತಿ ಹೋಗಿತ್ತು. ಅವಳ ಮಾತು ನನಗೆ ತಿಳಿಯುತ್ತಿರಲಿಲ್ಲ, ನನ್ನ ಹೆಂಡತಿಗೆ ತಿಳಿಯುತ್ತಿತ್ತು. ಒಂದು ದಿನ ಹೆಂಡತಿ ತನ್ನ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆಂದು ಕಾಗವಾಡಕ್ಕೆ ಹೋದಳು. ಅವತ್ತು ಅವ್ವನಿಗೆ ನಾನೇ ನುಚ್ಚು ಮಜ್ಜಿಗೆ ಉಣ್ಣಿಸಿದೆ. ಅರ್ಧ ದಿಂಬಿಗೆ, ಅರ್ಧ ಅವ್ವನಿಗೆ. ಚಿಕ್ಕಂದಿನಲ್ಲಿ ಅನ್ನ ಚೆಲ್ಲಿದರೆ ನನ್ನ ಬೆನ್ನಿಗೆ ಗುದ್ದುತ್ತಿದ್ದ ಕೈ ಈಗ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನೇ ಬರೆದು ಹಾಕಿದೆ. ಅಬ್ಬಬ್ಬಾ, ಏನು ಉತ್ತರಗಳು. ಅಕ್ಕೋರು ಬರೆದರು, "ಓದಿ ಕಣ್ಣಾಗ ನೀರ ಬಂತು ತಮ್ಮಾ. ನಿನ್ನ ಹಡದಾಕಿ ಪುಣ್ಯವಂತಿ." ಆ ಸಂದೇಶವನ್ನು ಸಂಜೆತನಕ ಎಷ್ಟು ಸಲ ತೆರೆದು ಓದಿದೆನೋ.

ಮರುದಿನ ಹೆಂಡತಿ ಬಂದಳು. ನನಗೆ ಮತ್ತೆ ಬರೆಯಲು ಯೂರಿಯಾ ಮಾತ್ರ ಉಳಿಯಿತು. ಅವತ್ತು ಬೆಳಿಗ್ಗೆ ಅವಳು ಅವ್ವನನ್ನು ಪಡಸಾಲೆಯ ಬಿಸಿಲಿಗೆ ಕೂರಿಸಿ ಉಗುರು ತೆಗೆಯುತ್ತಿದ್ದಳು. ನಾನು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದೆ. ಅಂಗಡಿಗೆ ಹೋಗಿ ದಿನಚರಿಯ ವಹಿ ತೆರೆದೆ. "ಇವತ್ತು ಅವ್ವನ ಉಗುರು ತೆಗೆದೆ" ಎಂದು ಬರೆದೆ. ಫೋಟೋ ತೆಗೆದು ಕಳಿಸಿ, ಗಿರಾಕಿಗೆ ಜಿಂಕ್ ಸಲ್ಫೇಟ್ ತೂಗಿ ಕೊಟ್ಟೆ.

ಆಮೇಲೆ ದಿನಾಲೂ ಅದೇ ಆಯಿತು. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅವಳು ಹಳೆಯ ಸೀರೆ ಹರಿದು ಮೆತ್ತನೆಯ ಬಟ್ಟೆ ಮಾಡಿಟ್ಟರೆ ನಾನು ಮಾಡಿದೆ ಎಂದು ಬರೆದೆ. ಅವಳು ಅವ್ವನ ತಲೆಗೆ ಎಣ್ಣೆ ಹಚ್ಚಿದರೆ ನಾನು ಹಚ್ಚಿದೆ. ಬೆನ್ನು ಹುಣ್ಣಾಗದಂತೆ ಮಗ್ಗಲು ಬದಲಿಸುವುದನ್ನು ಒಂದು ಪುಟ ತುಂಬ ಬರೆದು, "ಇದೊಂದು ಕಲೆ, ಪ್ರೀತಿ ಇದ್ದವರಿಗೆ ಮಾತ್ರ ಒಲಿಯುತ್ತದೆ" ಎಂದು ಕೊನೆಗೆ ಸೇರಿಸಿದೆ. ಆ ವಾಕ್ಯ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹೆಂಡತಿಗೆ ವಹಿಯ ಸಂಗತಿ ಗೊತ್ತಿರಲಿಲ್ಲ. ಅದು ಅಂಗಡಿಯ ಉದ್ರಿ ವಹಿ ಎಂದು ತಿಳಿದಿದ್ದಳು. ಬೆಳಿಗ್ಗೆ ನಾನು ಮನೆಯಲ್ಲಿ ಹೆಚ್ಚು ಹೊತ್ತು ಕೂರತೊಡಗಿದ್ದನ್ನು, ಸಂಜೆ ಅವ್ವನ ಊಟದ ಹೊತ್ತಿಗೂ ಒಮ್ಮೆ ಬಂದುಹೋಗುವುದನ್ನು ಮಾತ್ರ ಗಮನಿಸಿದ್ದಳು. "ಈಗೀಗ ಅತ್ತಿ ಹಂತ್ಯಾಕ ಜರಾ ಕುಂಡ್ರತೀರಿ. ಚಲೋ ಆತು ನೋಡ್ರಿ, ಅವರಿಗೂ ಸಮಾಧಾನ" ಅಂದಿದ್ದಳು. ನಾನು ಹೂಂ ಅಂದಿದ್ದೆ.

ಹೀಗಿರುವಾಗ ಅವ್ವನಿಗೆ ಜ್ವರ ಬಂತು. ಬರೆಯದೆ ಇರಲು ಆಗಲಿಲ್ಲ. ರಾತ್ರಿಯೆಲ್ಲ ಹಣೆಗೆ ತಣ್ಣೀರ ಪಟ್ಟಿ ಇಡುತ್ತ ಕೂತೆ ಎಂದು ಬರೆದೆ. ನಾನು ಮಲಗಿದ್ದೆ. ಮರುದಿನವೇ ಅಕ್ಕೋರು ಗುಂಪಿನಲ್ಲಿ ಹೇಳಿದರು, "ಆಯ್ತವಾರ ಬರ್ತೀವಿ ತಮ್ಮಾ, ಅವ್ವಾರನ್ನ ಮಾತಾಡ್ಸಾಕ."

ನಮ್ಮ ಕಡೆ ಹಾಸಿಗೆ ಹಿಡಿದವರ ಸುದ್ದಿ ಕಿವಿಗೆ ಬಿದ್ದ ಮೇಲೆ ಹೋಗಿ ಮಾತಾಡಿಸದೆ ಇರುವ ಪದ್ಧತಿ ಇಲ್ಲ. ದೂರದ ಬೀಗರ ಬೀಗರೂ ಬಿಸ್ಕತ್ತಿನ ಪುಡಿಕೆ ಹಿಡಿದು ಬರುತ್ತಾರೆ. ಬರದಿದ್ದವರ ಹೆಸರು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ. ಇದೆಲ್ಲ ಗೊತ್ತಿದ್ದೂ, ಫೋನಿನೊಳಗಿನ ಜನ ಫೋನಿನೊಳಗೇ ಇರುತ್ತಾರೆ ಎಂದು ನಂಬಿದ್ದೆನಲ್ಲ, ನನ್ನಂಥ ಪೆದ್ದ ಯಾರಿದ್ದಾನೆ? ಡಾಕ್ಟರು ಯಾರೂ ಬರಬಾರದು ಎಂದಿದ್ದಾರೆ ಅಂತ ಬರೆದು ನೋಡಿದೆ. ಕುಡಚಿಯ ವ್ಯಾಪಾರಿ ಅವತ್ತು ಹೆಬ್ಬೆರಳು ಬಿಟ್ಟು ಮಾತಾಡಿದ. "ಡಾಕ್ಟರ್ ಹಂಗ ಅಂತಾರ್ರಿ ಅಣ್ಣಾರ. ನಾವು ಬಾಗಿಲದಾಗ ನಿಂತು ನೋಡಿ ಹೋಗ್ತೀವಿ, ಚಿಂತಿ ಮಾಡಬ್ಯಾಡ್ರಿ."

ಒಂದೇ ದಾರಿ ಕಂಡಿತು. ಹೆಂಡತಿಯನ್ನು ಭಾನುವಾರ ತವರಿಗೆ ಕಳಿಸುವುದು. ಅವಳು ಅಡಿಗೆಮನೆಯಲ್ಲಿ ಇದ್ದಾಗ ಹೋಗಿ, "ಭಾಳ ದಿನ ಆತು, ಒಂದ ದಿನ ಕಾಗವಾಡಕ್ಕ ಹೋಗಿ ಬಾ. ಅವ್ವನ್ನ ನಾ ನೋಡ್ಕೊಂತೀನಿ" ಅಂದೆ. ಅವಳು ಹಿಟ್ಟಿನ ಕೈಯಲ್ಲೇ ತಿರುಗಿ ನನ್ನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ನಾನಾಗಿ ಹೋಗು ಅಂದದ್ದು ಅದೇ ಮೊದಲು. ಸಂಜೆ ಟ್ರಂಕಿನಿಂದ ಸೀರೆ ತೆಗೆದು ಇಸ್ತ್ರಿಗೆ ಕೊಟ್ಟಳು. ಅಣ್ಣನಿಗೆ ಫೋನ್ ಮಾಡಿ, "ಇವರ ಹೋಗಂತ ಹೇಳ್ಯಾರೋ" ಎಂದು ಎರಡೆರಡು ಸಲ ಹೇಳಿದ್ದು ನನಗೆ ಕೇಳಿಸಿತು.

ಆದರೆ ಭಾನುವಾರ ಬೆಳಿಗ್ಗೆ ಜ್ವರ ಬಿಟ್ಟಿರಲಿಲ್ಲ. ಅವಳು ಸೀರೆ ಮಡಚಿ ಮತ್ತೆ ಟ್ರಂಕಿಗೆ ಇಟ್ಟಳು. "ಇಂಥಾದ್ರಾಗ ಹೆಂಗ ಹೋಗ್ಲಿ? ನೀವು ಹೋಗಂದ್ರಲ್ಲ, ಅಷ್ಟ ಸಾಕು" ಅಂದಳು. ಹೋಗಲೇಬೇಕು ಎಂದು ಎರಡು ಸಲ ಒತ್ತಾಯ ಮಾಡಿದೆ. ಅದನ್ನೂ ಅವಳು ನನ್ನ ಪ್ರೀತಿ ಎಂದೇ ತಿಳಿದಳು. ಯಾರೋ ಗುರುತಿನವರು ಬರುತ್ತಾರೆ ಎಂದಷ್ಟೇ ಅವಳಿಗೆ ಹೇಳಿ, ಹೊರಬಾಗಿಲಲ್ಲಿ ಹೋಗಿ ನಿಂತೆ.

ಮೂವರು ಬಂದರು. ಬಿಳಿ ಸೀರೆಯ ಅಕ್ಕೋರು, ಚೀಲದ ತುಂಬ ಮೋಸಂಬಿ ಹೊತ್ತ ಕುಡಚಿಯ ವ್ಯಾಪಾರಿ, ಜೊತೆಗೆ ನಿಪ್ಪಾಣಿಯ ಒಬ್ಬ ಹುಡುಗಿ. ಕಾಲೇಜು ಮುಗಿಸಿದ್ದ ಆ ಹುಡುಗಿ ಗುಂಪಿನಲ್ಲಿ ಹೆಚ್ಚು ಬರೆಯುತ್ತಿರಲಿಲ್ಲ, ಓದುತ್ತಿದ್ದಳು. ಹೆಂಡತಿ ನೀರು ಕೊಟ್ಟು ಚಹಾಕ್ಕೆ ಇಟ್ಟಳು. ಅಕ್ಕೋರು ಅವ್ವನ ಕೈ ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಚಹಾ ತಂದ ಹೆಂಡತಿಯ ಕಡೆ ತಿರುಗಿ, "ಭಾಳ ಪುಣ್ಯಾ ಮಾಡೀಯವ್ವಾ. ಇಂಥಾ ಗಂಡ ಯಾರಿಗೆ ಸಿಗತಾನ? ಉಗುರ ತೆಗಿಯೂದು, ಎಣ್ಣಿ ಹಚ್ಚೂದು, ರಾತ್ರೆಲ್ಲಾ ತಂಪ ಪಟ್ಟಿ ಇಡೂದು, ಎಲ್ಲಾ ತಾನ ಮಾಡತಾನ. ನಾವು ದಿನಾ ಓದತೀವಿ" ಅಂದರು.

ಹೆಂಡತಿ ನನ್ನ ಕಡೆ ನೋಡಲಿಲ್ಲ. ಕಪ್ಪುಗಳನ್ನು ಒಂದೊಂದಾಗಿ ಅವರ ಮುಂದೆ ಇಟ್ಟಳು. "ಹೌದ್ರಿ" ಅಂದಳು.

ಅಲ್ಲಿಗೇ ಮುಗಿದಿದ್ದರೆ ಬದುಕಿದೆ ಅನ್ನುತ್ತಿದ್ದೆ. ಆ ಹುಡುಗಿ ಎದ್ದು ನಿಂತು ಫೋನು ಕೈಗೆ ತೆಗೆದುಕೊಂಡಳು. "ಕಾಕಾ, ನಮ್ಮ ಆಜಿನೂ ಹಾಸಿಗಿ ಹಿಡದಾಳ್ರಿ. ಬೆನ್ನ ಹುಣ್ಣ ಆಗ್ಯಾವು. ಮಗ್ಗಲಾ ತಿರಗಸೂದು ನೀವು ಬರದಿದ್ರಲ್ಲ, ಓದಿ ಮಾಡಾಕ ಹೋದ್ರ ಆಜಿ ಚೀರತಾಳ್ರಿ. ಒಮ್ಮಿ ಮಾಡಿ ತೋರಸ್ರಿ, ವಿಡಿಯೋ ಮಾಡ್ಕೊತೀನಿ. ಅದಕ್ಕ ಬಂದೀನ್ರಿ ನಾ."

ಅವಳು ನನ್ನ ಪುಟವನ್ನು ನಂಬಿ ತನ್ನ ಅಜ್ಜಿಯ ಮೈಮೇಲೆ ಕೈ ಇಟ್ಟಿದ್ದಳು. ಅಲ್ಲೇ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಅಂಗಿಯ ತೋಳು ಮಡಚಿ ಹಾಸಿಗೆಯ ಹತ್ತಿರ ಹೋದೆ. ಎಲ್ಲಿ ಹಿಡಿಯಬೇಕು? ಕಂಕುಳಿಗೆ ಎರಡೂ ಕೈ ಹಾಕಿ ಎಳೆದೆ. ಅವ್ವ ನೋವಿಗೆ ದೊಡ್ಡದಾಗಿ ನರಳಿದಳು. ಹುಷಾರಿದ್ದ ಎಡಗೈಯಿಂದ ನನ್ನ ಎದೆ ನೂಕಿ, ಅದೇ ಕೈಯನ್ನು ನನ್ನ ಹೆಂಡತಿಯ ಕಡೆಗೆ ಚಾಚಿದಳು.

ಹೆಂಡತಿ ಬಂದು ನನ್ನನ್ನು ಮೆತ್ತಗೆ ಸರಿಸಿದಳು. "ಇವರ ರಟ್ಟಿ ಹಿಡದೈತ್ರಿ, ನಿನ್ನಿ ಚೀಲಾ ಎತ್ತಾಕ ಹೋಗಿ. ಬಾ ತಂಗಿ, ನಾ ತೋರಸ್ತೀನಿ" ಎಂದಳು. ಅವ್ವನ ಕಿವಿಯಲ್ಲಿ ಏನೋ ಹೇಳಿ, ಮೊಣಕಾಲು ಮಡಚಿ, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು ತಿರುಗಿಸಿದಳು. ಅವ್ವ ನರಳಲಿಲ್ಲ. ಅಕ್ಕೋರು ನೋಡುತ್ತ, "ನಿನಗೂ ಬರ್ತೈತಲ್ಲವಾ" ಅಂದರು.

"ಬರ್ತೈತ್ರಿ. ಇವರ ಕಲಿಸ್ಯಾರ" ಅಂದಳು ನನ್ನ ಹೆಂಡತಿ.

ಅವರನ್ನು ಬಸ್‌ ಸ್ಟ್ಯಾಂಡಿನವರೆಗೆ ಬಿಟ್ಟೆ. ವ್ಯಾಪಾರಿ ನನ್ನನ್ನು ಅಪ್ಪಿಕೊಂಡು, ತನ್ನ ಮಕ್ಕಳಿಗೂ ದೇವರು ನನ್ನಂಥ ಬುದ್ಧಿ ಕೊಡಲಿ ಅಂದ. ಬಸ್ಸು ಹೋದ ಮೇಲೂ ಮನೆಗೆ ಹೋಗಲು ಧೈರ್ಯ ಸಾಲಲಿಲ್ಲ. ರಜೆಯ ದಿನ ಅಂಗಡಿಯ ಬಾಗಿಲು ಅರ್ಧ ಎತ್ತಿ, ಒಳಗೆ ಚೀಲಗಳ ನಡುವೆ ಸುಮ್ಮನೆ ಕೂತೆ. ಅವಳು ಬಯ್ಯಲಿ, ಬಡಿಯಲಿ, ತವರಿಗೆ ಹೋಗಿ ಅಣ್ಣನನ್ನು ಕರೆದುಕೊಂಡು ಬರಲಿ, ಏನಾದರೂ ಆಗಲಿ ಅಂದುಕೊಂಡೆ. ನನ್ನ ಮರ್ಯಾದೆ ಕಾಯಲು ಅವಳು ಹೇಳಿದ ಆ ಮಾತನ್ನು ಮಾತ್ರ ಸಹಿಸಲು ಆಗುತ್ತಿರಲಿಲ್ಲ.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಅವಳು ಅವ್ವನ ತಲೆಗೆ ದಿಂಬು ಕೊಟ್ಟು ಗಂಜಿ ಉಣ್ಣಿಸುತ್ತಿದ್ದಳು. ಅವ್ವನೂ ಅವಳೂ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ನಮ್ಮ ಜೈನರ ಮನೆಯ ನೇಮ ಅದು. ನಾನು ಎಂದೋ ಬಿಟ್ಟಿದ್ದೇನೆ, ಅಂಗಡಿ ಮುಚ್ಚಿ ಬಂದು ರಾತ್ರಿ ಉಣ್ಣುತ್ತೇನೆ.

"ಆ ವಹಿ ತಗೊಂಡ ಬರ್ರಿ" ಅಂದಳು. ಚೀಲದಿಂದ ತೆಗೆದು ತಂದು ಕೂತೆ. "ಓದ್ರಿ. ಏನ ಬರದೀರಿ, ನಾನೂ ಕೇಳಬೇಕಲ್ಲ."

ಓದಿದೆ. ಉಗುರು, ಎಣ್ಣೆ, ಬಟ್ಟೆ, ಮಗ್ಗಲು. ಮುಖ ಎತ್ತದೆ ಓದಿದೆ. ಚಮಚ ಬಟ್ಟಲಿಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಹಾಗೇ ಹಾಳೆ ತಿರುವುತ್ತ ಇನ್ನೊಂದು ಪುಟಕ್ಕೆ ಬಂದೆ. ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆ ಸಿಕ್ಕಿದ್ದ ಪುಟ ಅದು. ಬಿಟ್ಟು ಮುಂದೆ ಹೋಗಬಹುದಾಗಿತ್ತು. ಆದರೆ ಓದುವ ರಭಸದಲ್ಲಿ ಬಾಯಿಂದ ಬಂದುಬಿಟ್ಟಿತು.

"ಅವ್ವ ಹಳೆಯ ಹಟ ಬಿಟ್ಟಿಲ್ಲ. ಉಣ್ಣಿಸುವವರು ಮೊದಲು ಉಂಡಿರಬೇಕು. ಉಂಡಿಯಾ ಎಂದು ಕಣ್ಣಿನಲ್ಲೇ ಕೇಳುತ್ತಾಳೆ. ದಿನಾಲೂ ಖಾಲಿ ಹೊಟ್ಟೆಯಲ್ಲಿ ಉಂಡಿದ್ದೇನೆ ಎಂದು ಸುಳ್ಳು ಹೇಳುತ್ತೇನೆ. ಆಮೇಲೆ ಬಾಯಿ ತೆರೆಯುತ್ತಾಳೆ. ಅವಳದು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ನೇಮ ಮುರಿಯಲು ಮನಸ್ಸು ಬರುವುದಿಲ್ಲ, ಹಾಗೇ ಮಲಗಿಬಿಡುತ್ತೇನೆ."

ಚಮಚದ ಸದ್ದು ನಿಂತಿತು. ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚಲೋ ಇತ್ತು.

"ಹಂಗಾರ ನಿಮಗ ಗೊತ್ತಿತ್ತು" ಅಂದಳು. ಚಮಚವನ್ನು ಬಟ್ಟಲಿನಲ್ಲಿಟ್ಟು ಮತ್ತೆ ಅಂದಳು, "ಗಂಡಸರಿಗೆ ಇವೆಲ್ಲಾ ಕಾಣಂಗಿಲ್ಲ, ಅಂಗಡಿ ಚಿಂತ್ಯಾಗ ಇರತಾರ, ಪಾಪ, ಅಂತ ತಿಳಕೊಂಡಿದ್ದೆ ನಾ. ಹಂಗ ತಿಳಕೊಂಡ ಇಷ್ಟ ದಿನಾ ಮಾಡೀನಿ. ನಿಮಗ ಎಲ್ಲಾ ಕಾಣತಿತ್ತು."

ಕಿಟಕಿಯ ಬೆಳಕು ಗೋಡೆಯ ಮೇಲಿಂದ ಇಳಿಯುತ್ತಿತ್ತು. ಗಂಜಿ ಇನ್ನೂ ಅರ್ಧ ಬಟ್ಟಲಿತ್ತು. ಅವ್ವ ತುಟಿ ಬಿಗಿಹಿಡಿದು ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ಹೆಂಡತಿ ನನ್ನಿಂದ ಕಣ್ಣು ತೆಗೆದು ಆ ಕಡೆ ತಿರುಗಿದಳು. "ಉಂಡೀನ್ರಿ ಅತ್ತಿ" ಅಂದಳು. "ನಂದ ಆಗೈತಿ. ಬಾಯಿ ತಗೀರಿ."

ಅವ್ವ ಬಾಯಿ ತೆರೆದಳು. ನಾನು ವಹಿ ಹಿಡಿದುಕೊಂಡು ಅಲ್ಲೇ ಕೂತಿದ್ದೆ.