ರಾಧಾಮಣಿ ಮಿಸ್ಸು ಬೀರುವಿನಲ್ಲಿಟ್ಟ ಪುಸ್ತಕ

ಶಾಲೆಯ ಲೈಬ್ರರಿಗೆ ಪುಸ್ತಕ ಆರಿಸುವ ದಿನ ರಾಧಾಮಣಿ ಮಿಸ್ಸಿನ ಜೊತೆ ಶಿರಾಕ್ಕೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಗೌಡಗೆರೆ ಹೋಬಳಿಯ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸು ಅವರದು, ಇಪ್ಪತ್ತೆರಡು ವರ್ಷದಿಂದ. ಬೇರೆ ಶಾಲೆಯವರು ಪಟ್ಟಿಗೆ ಟಿಕ್ ಹಾಕಿ, ಬಿರಿಯಾನಿ ತಿಂದು, ಎರಡು ಗಂಟೆ ಬಸ್ಸು ಹಿಡಿಯುವ ಹೊತ್ತಿಗೆ ಈಯಮ್ಮ ಇನ್ನೂ ನೆಲದ ಮೇಲೆ ಕೂತು ಚಿತ್ರಪುಸ್ತಕಗಳನ್ನು ತಲೆಕೆಳಗಾಗಿ ಓದುತ್ತಿರುತ್ತಿದ್ದರು. ಹೌದು, ತಲೆಕೆಳಗಾಗಿಯೇ! ತೊಡೆಯ ಮೇಲಿನ ಪುಸ್ತಕ ಮಕ್ಕಳ ಕಡೆಗೆ ತೆರೆದಿರಬೇಕು, ಓದುವವರು ಮೇಲಿಂದ ಬಗ್ಗಿ ಓದಬೇಕು. ಹಾಗೆ ಓದಲು ಬಾರದ ಪುಸ್ತಕ ಎಷ್ಟೇ ಚೆಂದವಿದ್ದರೂ ಅವರಿಗೆ ಬೇಡ.

“ಹೆಣ್ಣು ನೋಡಾಕೆ ಬಂದೋರೂ ಇಷ್ಟೊತ್ತು ನೋಡಕಿಲ್ಲ ಕಣಮ್ಮ,” ಎಂದು ಹೆಡ್ ಮೇಷ್ಟ್ರು ಸಂಜೀವಯ್ಯ ರೇಗಿಸುವರು.

“ಹೆಣ್ಣು ಒಂದ್ ಮನೆಗೋಯ್ತಾಳೆ ಸಾರ್. ಪುಸ್ತಕ ಇಪ್ಪತ್ತೊಂದು ಮಕ್ಕಳ ಮನೆಗೋಯ್ತದೆ.”

ಅವರ ಆಯ್ಕೆಯಲ್ಲಿ ಎಲ್ಲಕ್ಕಿಂತ ಗೆದ್ದಿದ್ದು ಒಂದು ತೆಳು ಪುಸ್ತಕ. ಅದರ ಏಳನೇ ಪುಟದಲ್ಲಿ ನೀಲಿ ಸೀರೆಯ ತಾಯಿಯೊಬ್ಬಳು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಾಳೆ. ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಆ ಪುಟ ಬಂದ ಕೂಡಲೇ ಎರಡನೇ ಕ್ಲಾಸಿನ ತೇಜಸ್ವಿನಿ ಎದ್ದು ನಿಂತು, “ನಮ್ಮವ್ವ! ಇದು ನಮ್ಮವ್ವ ಕಣ್ರಲಾ!” ಎಂದು ಕೂಗುವಳು. ಅವಳ ತಾಯಿ ಗಂಗರತ್ನ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಒದ್ದೆ ಕೈಯಲ್ಲೇ ಕಿಟಕಿಗೆ ಬಂದು ಇಣುಕಿ, “ನಂಗೆಲ್ಲೈತೆ ಮಿಸ್ಸೇ ಅಂಥಾ ಸೀರೆ?” ಎಂದು ಬಾಯಿಗೆ ಸೆರಗು ಅಡ್ಡವಿಟ್ಟು ನಗುವಳು.

ಆ ಶ್ರಾವಣದಲ್ಲಿ ಗಂಗರತ್ನಳಿಗೆ ಜ್ವರ ಬಂತು. ಶಿರಾ ಆಸ್ಪತ್ರೆ, ಅಲ್ಲಿಂದ ತುಮಕೂರು. ಐದನೇ ದಿನಕ್ಕೆ ಹೆಣವಾಗಿ ಬಂದಳು. ಇಪ್ಪತ್ತೊಂಬತ್ತು ವರ್ಷ, ಸಾಯುವ ವಯಸ್ಸೇ ಅದು!

ತಿಥಿ ಮುಗಿಸಿಕೊಂಡು ಮಗು ಶಾಲೆಗೆ ಬರುವ ಹಿಂದಿನ ದಿನ ರಾಧಾಮಣಿ ಮಿಸ್ಸು ಒಂದು ಕೆಲಸ ಮಾಡಿದರು. ಕ್ಲಾಸಿನಲ್ಲಿ ದಾರ ಕಟ್ಟಿ ಕ್ಲಿಪ್ಪು ಹಾಕಿ ಪುಸ್ತಕಗಳನ್ನು ತೂಗುಹಾಕಿದ್ದರು. ಅದರಲ್ಲಿ ತಾಯಿ ಕಾಣುವ ಪುಸ್ತಕವನ್ನೆಲ್ಲ ಒಂದೊಂದಾಗಿ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮರಿಗಳ ಜೊತೆಗಿದ್ದ ಕೋಳಿಯನ್ನೂ ಬಿಡಲಿಲ್ಲ. ಉಳಿದ ಮಕ್ಕಳಿಗೆ, “ತೇಜು ಮುಂದೆ ಯಾರೂ ಅವ್ವನ ಮಾತೆತ್ತಬಾರ್ದು, ಗೊತ್ತಾಯ್ತಾ?” ಎಂದು ಕಟ್ಟಪ್ಪಣೆ ಮಾಡಿದರು.

ಅವರಿಗೆ ಗೊತ್ತಿದ್ದ ಮದ್ದು ಅದೊಂದೇ. ಅವರ ಸ್ವಂತ ತಾಯಿ ಹೋದಾಗ ಅವರಿಗೂ ಆರೇಳು ವರ್ಷ. ಕೂಲಿಯವರ ಮನೆ, ಫೋಟೊ ಎಲ್ಲಿಂದ ಬರಬೇಕು? ಮಗು ಅತ್ತೀತು ಎಂದು ದೊಡ್ಡವರೆಲ್ಲ ಬಾಯಿ ಕಟ್ಟಿಕೊಂಡರು, ಮಗು ಮರೆಯಿತು, ಓದಿತು, ಕೆಲಸಕ್ಕೂ ಸೇರಿತು. ಹಾಗಾದರೆ ಮದ್ದು ಫಲಿಸಿತು ಎಂದೇ ಅಲ್ಲವೇ?

ಕಾರ್ತಿಕದಲ್ಲಿ ಮತ್ತೆ ಪುಸ್ತಕ ಆರಿಸಲು ಶಿರಾದಿಂದ ಕರೆ ಬಂತು. ಈ ಸಲ ಮಿಸ್ಸು ತಾಯಿಯಿಲ್ಲದ ಪುಸ್ತಕ ಹುಡುಕಿದರು. ಅಯ್ಯೋ, ಅದೆಷ್ಟು ಕಷ್ಟ! ಬಸ್ಸಿನ ಕಥೆ ಎಂದು ತೆಗೆದರೆ ಕಿಟಕಿಯಲ್ಲೊಬ್ಬಳು ಕೂಸು ಎತ್ತಿಕೊಂಡು ಕೂತಿದ್ದಾಳೆ. ಮಳೆಯ ಕಥೆ ಎಂದರೆ ಬಾಗಿಲಲ್ಲೊಬ್ಬಳು ಟವೆಲ್ಲು ಹಿಡಿದು ನಿಂತಿದ್ದಾಳೆ. ಸಾಯಂಕಾಲದವರೆಗೆ ಕೂತು ಆನೆ, ಚಂದ್ರ, ಟ್ರ್ಯಾಕ್ಟರ್ ಎಂದು ಹನ್ನೊಂದು ಪುಸ್ತಕ ತಂದು ದಾರಕ್ಕೆ ಸಿಕ್ಕಿಸಿದರು. ತೇಜಸ್ವಿನಿ ಬಂದಳು, ದಾರದ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ಹೋಗಿ ತನ್ನ ಜಾಗದಲ್ಲಿ ಕೂತಳು. ಅಳಲಿಲ್ಲ. ಮಗು ಸುಧಾರಿಸಿಕೊಳ್ಳುತ್ತಿದೆ ಎಂದುಕೊಂಡರು ಮಿಸ್ಸು. ಎಂಥಾ ಹುಚ್ಚು!

ಸಂಕ್ರಾಂತಿ ಆದಮೇಲೆ ತೇಜಸ್ವಿನಿ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಒಂದು ವಾರ ನೋಡಿ, ಶಾಲೆ ಬಿಟ್ಟಮೇಲೆ ಮಿಸ್ಸು ಅವಳ ಮನೆಗೆ ಹೋದರು. ಅಜ್ಜಿ ಮಾರಕ್ಕ ಹೊಸಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ಯಾಕ್ ಮಾರಕ್ಕ, ಮಗೀಗೆ ಹುಷಾರಿಲ್ವಾ?”

“ಹುಷಾರಾಗವ್ಳೆ ಕಣ್ರವ್ವ. ಬರಾಕಿಲ್ಲ ಅಂತಾಳೆ. ಇಸ್ಕೂಲ್ನಾಗೂ ಅವ್ವ ಇಲ್ಲ, ಮಿಸ್ಸು ತಗದಾಕ್ಬುಟ್ಟವ್ರೆ ಅಂತಾಳೆ. ನಂಗೇನ್ ತಿಳೀತದೆ? ಇವ್ಳಪ್ಪ ಮುತ್ತುರಾಜ್ ಹೇಳ್ದ ಅಂತ ಸೀರೆಗೀರೆ, ಪೋಟ, ಕಾರ್ಡು ಎಲ್ಲಾ ಬೆಂಕಿಗಾಕ್ದೆ. ಅವ್ಳ ಪೋಟ ಇದ್ದೊಂದು ಪೋನು ತೊಟ್ಟಿಗ್ ಬಿದ್ದೋಯ್ತು. ಮನೇಲಿ ಅವ್ಳೆಸ್ರು ಎತ್ತಾಕಿಲ್ಲ ನಾವ್ಯಾರೂ, ಮಗ ಅತ್ಬುಡ್ತದೆ ಅಂತ.”

ಮಿಸ್ಸು ಅಲ್ಲೇ ನಿಂತು ತಮ್ಮ ಫೋನು ತೆಗೆದು ಗಂಗರತ್ನಳ ಮುಖ ಹುಡುಕಿದರು. ಬಿಸಿಯೂಟದ ಫೋಟೊ ಮೇಲಿನ ಆಫೀಸಿಗೆ ಕಳಿಸಬೇಕಲ್ಲ, ನೂರಾರಿತ್ತು. ತಟ್ಟೆ ಹಿಡಿದ ಮಕ್ಕಳು, ನಗುವ ಸಂಜೀವಯ್ಯ, ಅನ್ನದ ರಾಶಿ. ಅಡುಗೆಯವಳನ್ನು ಯಾರು ತೆಗೆಯುತ್ತಾರೆ? ಪ್ರತಿಯೊಂದರಲ್ಲೂ ಗಂಗರತ್ನ ಅಂಚಿನಲ್ಲಿದ್ದಳು, ಸೌಟು ಹಿಡಿದ ಒಂದು ಕೈಯಾಗಿ. ಮುಖ ಒಂದರಲ್ಲೂ ಇರಲಿಲ್ಲ.

ಸರಸರ ಶಾಲೆಗೆ ವಾಪಸು ಹೋಗಿ ಬೀರು ತೆಗೆದು ಆ ತೆಳು ಪುಸ್ತಕ ತಂದರು. ಮನೆಯೊಳಗೆ ಮೂಲೆಯಲ್ಲಿ ಕೂತಿದ್ದ ತೇಜಸ್ವಿನಿಯ ಪಕ್ಕದಲ್ಲಿ ಕೂತು ಏಳನೇ ಪುಟ ತೆರೆದು ಅವಳ ತೊಡೆಯ ಮೇಲಿಟ್ಟರು. “ತಪ್ಪಾಯ್ತು ಕಣಮ್ಮ. ತಗೋ, ನಿಮ್ಮವ್ವ.”

ಹುಡುಗಿ ಬಹಳ ಹೊತ್ತು ನೋಡಿದಳು. ನೀಲಿ ಸೀರೆಯ ಮೇಲೆ ಬೆರಳಾಡಿಸಿದಳು, ಮುಖದ ಹತ್ತಿರ ಬಗ್ಗಿ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

“ಇದು ನಮ್ಮವ್ವ ಅಲ್ಲ ಮಿಸ್.”

“ಯಾಕಮ್ಮ? ನೀನೇ ಅಂತಿದ್ದೆಯಲ್ಲ?”

“ಅವಾಗ ಅಂಗೇ ಕಾಣ್ತಿತ್ತು. ಇವಾಗ ಗೊತ್ತಾಗಾಕಿಲ್ಲ.” ಪುಸ್ತಕ ಮುಚ್ಚಿ, ಮೆಲ್ಲಗೆ ಕೇಳಿದಳು. “ನಮ್ಮವ್ವ ಹೆಂಗಿದ್ಳು ಮಿಸ್?”

ಹೊಸಿಲಲ್ಲಿ ಮಾರಕ್ಕನ ಕೈ ನಿಂತಿತು. ಐದು ತಿಂಗಳು! ಇಡೀ ಊರು ಸೇರಿ ಐದು ತಿಂಗಳಲ್ಲಿ ಒಂದು ಮಗುವಿನ ಕಣ್ಣಿಂದ ತಾಯಿಯ ಮುಖ ಅಳಿಸಿಹಾಕಿದ್ದೆವು ಎಂದು ರಾಧಾಮಣಿ ಮಿಸ್ಸಿಗೆ ಆ ಗಳಿಗೆಯಲ್ಲಿ ತಿಳಿಯಿತು. ಅತ್ತರು, ಮಗುವಿನ ಎದುರಿಗೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಹೇಳತೊಡಗಿದರು.

“ನಿಮ್ಮವ್ವನ ಎಡಗೆನ್ನೆ ಮೇಲೆ ಎಳ್ಳಿನಷ್ಟು ಮಚ್ಚೆ ಇತ್ತು. ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿತ್ತು, ಅದಕ್ಕೇ ನಗುವಾಗ ಸೆರಗು ಅಡ್ಡ ಇಟ್ಕೊಳ್ಳೋಳು.”

ತೇಜಸ್ವಿನಿ ತನ್ನ ಹಲ್ಲು ಮುಟ್ಟಿ ನೋಡಿಕೊಂಡಳು. “ಆಮೇಲೆ?”

“ಕೂದಲು ಗಂಟು ಹಾಕಿದ್ರೆ ನಿಲ್ತಿರಲಿಲ್ಲ…”

“ಒಲೆ ಊದುವಾಗ ಕಣ್ ಮುಚ್ಕೊಳ್ಳೋಳು,” ಎಂದಳು ಮಾರಕ್ಕ, ಒಳಗೆ ಬರುತ್ತಾ, ಸೊಸೆಯ ಮಾತನ್ನು ಮೊದಲ ಸಲ ಎತ್ತುತ್ತಾ.

ಅಜ್ಜಿ ಹೇಳುತ್ತಾ ಹೋದಳು, ಮಗು ಅವಳ ತೊಡೆಗೆ ಜರುಗಿ ಕೇಳುತ್ತಾ ಹೋಯಿತು. ಐವತ್ತಮೂರು ವರ್ಷವಾಗಿದ್ದ ರಾಧಾಮಣಿ ಮಿಸ್ಸು ‘ನಮ್ಮವ್ವ ಹೆಂಗಿದ್ಳು’ ಎಂಬ ಈ ಪ್ರಶ್ನೆಯನ್ನು ಯಾರನ್ನೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ, ಅವರ ಅವ್ವನನ್ನು ಕಂಡವರು ಒಬ್ಬರೂ ಬದುಕಿರಲಿಲ್ಲ.